ಸ್ವಿಚ್ ಆಫ್ ಮಾಡಿದರೂ ಮಿಣುಕುತ್ತಿದ್ದ ಅಡುಗೆಮನೆ ಲೈಟು

ಹಾಸನದ ನಮ್ಮ ಮನೆಯ ಅಡುಗೆಮನೆ ಲೈಟಿನ ಬಗ್ಗೆ ಅಮ್ಮ ಒಂದು ತಿಂಗಳಿಂದ ಫೋನಿನಲ್ಲಿ ಹೇಳುತ್ತಲೇ ಇದ್ದಳು. “ರಾತ್ರಿ ನೀರು ಕುಡಿಯೋಕೆ ಎದ್ದು ಬಂದ್ರೆ ಲೈಟು ಪೂರ್ತಿ ಆರಿರಲ್ಲ ಕಣೇ. ಸ್ವಿಚ್ ಆಫೇ ಇರುತ್ತೆ, ಆದ್ರೂ ಬಲ್ಬಿನೊಳಗೆ ಮಿಣಮಿಣ ಅಂತಿರುತ್ತೆ.” ಅಪ್ಪ ಬಲ್ಬು ಬದಲಾಯಿಸಿ ನೋಡಿದ್ದರು. ಹೊಸ ಎಲ್‌ಇಡಿ ಬಲ್ಬೂ ಕತ್ತಲಲ್ಲಿ ಹಾಗೇ ಮಿಣುಕಿತು. ಆ ಹಳೇ ಹೋಲ್ಡರ್ ಕಿತ್ತು ಒಂದು ಒಳ್ಳೆಯ ಸೀಲಿಂಗ್ ಲೈಟು ಹಾಕಬೇಕು ಅಂತ ನಾನೂ ಎರಡು ವರ್ಷದಿಂದ ಅಂದುಕೊಂಡಿದ್ದೆ. ಕೊನೆಗೆ ಎರಡು ವಾರಾಂತ್ಯ ಹಿಡಿಯಿತು. ಲೈಟು ಕೂರಿಸಿದ್ದು ಮುಕ್ಕಾಲು ಗಂಟೆಯ ಕೆಲಸ. ಮಿಕ್ಕ ಹೊತ್ತೆಲ್ಲ ಹೋಗಿದ್ದು ಮೇಲಿರುವ ವೈರಿನಲ್ಲಿ ಕರೆಂಟ್ ನಿಜವಾಗಿ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದಕ್ಕೆ. ಅದನ್ನೇ ಬಿಡಿಸಿ ಬರೆಯುತ್ತಿದ್ದೇನೆ. 1990ರ ಆಸುಪಾಸಿನಲ್ಲಿ ಕಟ್ಟಿ, ಆಮೇಲೆ ಯುಪಿಎಸ್ ಜೋಡಿಸಿಕೊಂಡ ನಮ್ಮಂಥ ಮನೆಗಳು ಊರೂರಲ್ಲೂ ಇವೆ.

ಮೊದಲು ಅಲ್ಲಿ ಏನಿತ್ತು ಅಂತ ಹೇಳುತ್ತೇನೆ. ಹತ್ತಡಿ ಎತ್ತರದ ಆರ್‌ಸಿಸಿ ತಾರಸಿ. ಅದಕ್ಕೆ ಒಂದು ದುಂಡನೆಯ ಮರದ ಬ್ಲಾಕ್, ಅದರ ಮೇಲೆ ಕಪ್ಪು ಬೇಕಲೈಟ್ ಬ್ಯಾಟನ್ ಹೋಲ್ಡರ್, ಎರಡು ಪಿನ್ನಿನ ಬಲ್ಬು. 1991ರಲ್ಲಿ ಮನೆ ಕಟ್ಟಿಸಿದಾಗ ಹಾಕಿದ್ದು. ವೈರ್ ಆಗಿನ ಕಾಲದ 3/22, ಅಂದರೆ 22 ಗೇಜಿನ ಮೂರು ತಾಮ್ರದ ಎಳೆ. ಮೊದಲ ಹದಿನೈದು ವರ್ಷ ಅದರಲ್ಲಿ 100 ವ್ಯಾಟಿನ ಗಾಜಿನ ಬಲ್ಬು ಉರಿಯಿತು, ಆಮೇಲೆ ಸಿಎಫ್‌ಎಲ್, ಈಗ ಎಲ್‌ಇಡಿ.

ಮೊದಲ ಶನಿವಾರ

ಬೆಳಿಗ್ಗೆ ಪಕ್ಕದ ಮನೆಯಿಂದ ಮರದ ಏಣಿ ತಂದೆ. ನಮ್ಮ ಮನೆಯಲ್ಲಿ ಅಲ್ಯೂಮಿನಿಯಂ ಏಣಿ ಇದೆ, ಆದರೆ ಕರೆಂಟ್ ಕೆಲಸಕ್ಕೆ ಅದನ್ನು ನಾನು ಮುಟ್ಟುವುದಿಲ್ಲ. ನೆಲ ಒರೆಸಿ ಒಣಗಿಸಿ, ರಬ್ಬರ್ ಚಪ್ಪಲಿ ಹಾಕಿಕೊಂಡು ಹತ್ತಿ ಬಲ್ಬು ಬಿಚ್ಚಿದೆ. ಹೋಲ್ಡರ್ ಒಳಗಿನ ಎರಡು ಪಿನ್ನುಗಳಿಗೂ ಟೆಸ್ಟರ್ ಇಟ್ಟು ನೋಡಿದೆ. ಸ್ವಿಚ್ ಆನ್ ಇದ್ದಾಗ ಒಂದು ಪಿನ್ನಿನಲ್ಲಿ ಟೆಸ್ಟರ್ ಉರಿಯಬೇಕು, ಉರಿಯಿತು. ಸ್ವಿಚ್ ಆಫ್ ಮಾಡಮ್ಮ ಅಂದೆ. ಟಕ್ ಅಂತ ಸದ್ದೂ ಬಂತು. ಅದೇ ಪಿನ್ನಿನಲ್ಲಿ ಟೆಸ್ಟರ್ ಆಗಲೂ ಉರಿಯುತ್ತಲೇ ಇತ್ತು.

ಅಮ್ಮನ ದೂರಿಗೆ ಕಾರಣ ಅಲ್ಲೇ ಸಿಕ್ಕಿತು. ಸ್ವಿಚ್ ಯಾವತ್ತೂ ಫೇಸ್ ವೈರನ್ನು, ಅಂದರೆ ಕರೆಂಟ್ ತರುವ ವೈರನ್ನು, ಕಡಿಯಬೇಕು. ಇಲ್ಲಿ ಅದು ನ್ಯೂಟ್ರಲ್ ವೈರನ್ನು, ಅಂದರೆ ಕರೆಂಟ್ ವಾಪಸು ಹೋಗುವ ವೈರನ್ನು, ಕಡಿಯುತ್ತಿತ್ತು. ಎರಡರಲ್ಲಿ ಯಾವುದನ್ನು ಕಡಿದರೂ ಬಲ್ಬೇನೋ ಆರುತ್ತದೆ, ಆದರೆ ನ್ಯೂಟ್ರಲ್ ಕಡಿದರೆ ಹೋಲ್ಡರ್‌ನಲ್ಲಿ ಫೇಸ್ ಹಗಲೂ ರಾತ್ರಿ ನಿಂತೇ ಇರುತ್ತದೆ. ಗಾಜಿನ ಬಲ್ಬಿನ ಕಾಲದಲ್ಲಿ ಇದು ಯಾರ ಗಮನಕ್ಕೂ ಬರುವಂತಿರಲಿಲ್ಲ. ಎಲ್‌ಇಡಿ ಬಂದ ಮೇಲೆ ಬಯಲಾಯಿತು. ಪೈಪಿನೊಳಗೆ ಮಾರುಗಟ್ಟಲೆ ಜೊತೆಜೊತೆಗೆ ಓಡುವ ವೈರುಗಳ ನಡುವೆ ಒಂದು ಸಣ್ಣ ಕೆಪಾಸಿಟರ್ ತಾನಾಗಿಯೇ ಆಗಿಬಿಟ್ಟಿರುತ್ತದೆ. ನ್ಯೂಟ್ರಲ್ ಕಡಿದಿದ್ದರೂ ಅದರ ಮೂಲಕ ಮೈಕ್ರೊ ಆಂಪಿಯರ್ ಲೆಕ್ಕದ ಕರೆಂಟ್ ಬಲ್ಬನ್ನು ಹಾದುಹೋಗುತ್ತದೆ. ಎಲ್‌ಇಡಿ ಮಿಣುಕುವುದಕ್ಕೆ ಅಷ್ಟೇ ಸಾಕು. ಸ್ವಿಚ್‌ನಲ್ಲಿ ಸಣ್ಣ ಕೆಂಪು ಇಂಡಿಕೇಟರ್ ಇದ್ದರೂ ಹೀಗೆ ಆಗುವುದುಂಟು. ನಮ್ಮದರಲ್ಲಿ ಅದು ಇರಲಿಲ್ಲ.

ಮಿಣುಕಿನಿಂದ ಅಮ್ಮನಿಗೆ ನಿದ್ದೆಗಣ್ಣಿನಲ್ಲಿ ಕಿರಿಕಿರಿ, ಅಷ್ಟೇ. ಆದರೆ ಅಪ್ಪ ಇಷ್ಟು ವರ್ಷ ಸ್ವಿಚ್ ಆಫ್ ಮಾಡಿ, ಸ್ಟೂಲ್ ಹತ್ತಿ, ನೆಮ್ಮದಿಯಾಗಿ ಬಲ್ಬು ಬದಲಾಯಿಸುತ್ತಿದ್ದರು. ಅಷ್ಟೂ ಸಲ ಅವರ ಬೆರಳಿನಿಂದ ಅರ್ಧ ಇಂಚು ಆಚೆ 230 ವೋಲ್ಟ್ ಇತ್ತು. ಏಣಿಯ ಮೇಲೆ ನಿಂತು ಅದನ್ನು ನೆನೆದಾಗ ನನ್ನ ಕೈಕಾಲು ತಣ್ಣಗಾಯಿತು. ಇಳಿದು ಬಂದು ಅಪ್ಪನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸ್ವಿಚ್ ಆಫ್ ಮಾಡಿದ್ನಲ್ಲ ಮಗಳೇ” ಅಂದರು.

ಸ್ವಿಚ್ ನಂಬುವಂತಿಲ್ಲ ಅಂತಾದ ಮೇಲೆ ಮೇನ್ ಇಳಿಸಿ ಕೆಲಸ ಮಾಡೋಣ ಅಂದುಕೊಂಡೆ. ಬಲ್ಬು ಮತ್ತೆ ಹಾಕಿ, ಉರಿಸಿ, ಇಡೀ ಮನೆಗೆ ಕರೆಂಟ್ ಹಂಚುವ ಹೊರಗಿನ ಡಿಬಿ ಪೆಟ್ಟಿಗೆಯಲ್ಲಿ ಮೇನ್ ಇಳಿಸಿದೆ. ಫ್ರಿಜ್ಜಿನ ಸದ್ದು ನಿಂತಿತು. ಅದೇ ಗಳಿಗೆಗೆ ಹಾಲಿನ ಮೂಲೆಯಲ್ಲಿದ್ದ ಯುಪಿಎಸ್ ಬ್ಯಾಟರಿಗೆ ಹೊರಳಿತು, ಅಡುಗೆಮನೆ ಲೈಟು ಕಣ್ಣು ಕೂಡ ಮಿಟುಕಿಸದೆ ಉರಿಯುತ್ತಲೇ ಇತ್ತು. ಯುಪಿಎಸ್ ಇರುವ ಯಾರೇ ಆಗಲಿ, ದಯವಿಟ್ಟು ಇದೊಂದನ್ನು ತಲೆಯಲ್ಲಿ ಇಟ್ಟುಕೊಳ್ಳಿ. ನಮ್ಮ ಮನೆಗಳಲ್ಲಿ ಯುಪಿಎಸ್ ಲೈನ್ ಕೊಟ್ಟಿರುವುದೇ ಲೈಟು ಮತ್ತು ಫ್ಯಾನಿಗೆ. ಅಂದರೆ ತಾರಸಿಯಲ್ಲಿ ನೀವು ಕೈ ಹಾಕುವ ಪಾಯಿಂಟುಗಳೆಲ್ಲ ಬಹುಮಟ್ಟಿಗೆ ಅದೇ ಲೈನಿನವು. ಕರೆಂಟ್ ಹೋದರೂ ಅವು ಉರಿಯಲಿ ಅಂತಲೇ ತಾನೇ ಅದನ್ನು ಹಾಕಿಸಿದ್ದು? ನೀವು ಮೇನ್ ಇಳಿಸಿದರೆ ಯುಪಿಎಸ್‌ಗೆ ಅದೂ ಒಂದು ಪವರ್‌ಕಟ್.

ಹಾಗಾದರೆ ಯುಪಿಎಸ್ ಬಟನ್ ಒತ್ತಿ ಆಫ್ ಮಾಡಿದರೆ ಸಾಲದೇ? ಸಾಲದು. ಮನೆಗಳಲ್ಲಿ ಇಡುವ ಹೆಚ್ಚಿನ ಯುಪಿಎಸ್‌ಗಳಲ್ಲಿ ಮುಂದಿನ ಬಟನ್ ಬ್ಯಾಟರಿ ಕಡೆಯದನ್ನು ಮಾತ್ರ ನಿಲ್ಲಿಸುತ್ತದೆ. ಮೇನ್ ಲೈನಿನಲ್ಲಿ ಕರೆಂಟ್ ಇದ್ದರೆ ಅದು ಯುಪಿಎಸ್ ಒಳಗಿಂದ ಹಾದು ಲೈಟಿಗೆ ಹೋಗುತ್ತಲೇ ಇರುತ್ತದೆ. ಆದ್ದರಿಂದ ಎರಡೂ ಬೇಕು. ಮೇನ್ ಇಳಿಸಬೇಕು, ಯುಪಿಎಸ್ ಬಟನ್ ಆಫ್ ಮಾಡಬೇಕು. ನಾನು ಅದರ ಪ್ಲಗ್ ಕೂಡ ಸಾಕೆಟ್ಟಿನಿಂದ ಕಿತ್ತಿಟ್ಟೆ. ಮೇನ್‌ನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಬೀಳುವ ಸ್ವಿಚ್) ಇದೆ, ಶಾಕ್ ಹೊಡೆದರೆ ಟ್ರಿಪ್ ಆಗುತ್ತೆ ಅಂತ ಧೈರ್ಯ ಮಾಡುವವರಿದ್ದಾರೆ. ಯುಪಿಎಸ್ ಬ್ಯಾಟರಿಯಿಂದ ಬರುವ ಕರೆಂಟಿಗೆ ಆ ಆರ್‌ಸಿಸಿಬಿಯನ್ನು ನಂಬಿ ಕೂರುವ ಹಾಗಿಲ್ಲ. ಒಂದು ಕೈ ಫೇಸ್‌ಗೂ ಇನ್ನೊಂದು ಕೈ ನ್ಯೂಟ್ರಲ್‌ಗೂ ತಗುಲಿದರೆ, ಆಗಲೂ ಅದಕ್ಕೆ ಗೊತ್ತಾಗುವುದಿಲ್ಲ. ನಿಮ್ಮನ್ನು ಅದು ಇನ್ನೊಂದು ಬಲ್ಬು ಅಂತಲೇ ತಿಳಿಯುತ್ತದೆ.

ಅವತ್ತು ನಾನು ಹೋಲ್ಡರ್ ಬಿಚ್ಚಲಿಲ್ಲ. ಅಷ್ಟು ಹೊತ್ತಿಗೆ ಇದು ಬರೀ ಲೈಟು ಬದಲಾಯಿಸುವ ಕೆಲಸವಾಗಿ ಉಳಿದಿರಲಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಲ್ಲಿ ಈ ಗೆರೆ ಸ್ಪಷ್ಟವಾಗಿತ್ತು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, ಫಿಟ್ಟಿಂಗುಗಳನ್ನು ಇದ್ದ ವೈರಿಂಗಿನ ಸ್ವರೂಪ ಬದಲಾಗದಂತೆ ಬದಲಾಯಿಸುವುದನ್ನು ಬಿಟ್ಟು ಮಿಕ್ಕ ವೈರಿಂಗ್ ಕೆಲಸಕ್ಕೆಲ್ಲ ಲೈಸೆನ್ಸ್ ಇರುವ ಕಂಟ್ರಾಕ್ಟರೇ ಬೇಕು. ಈ ಗೆರೆ ನನಗೆ ಸರಿ ಅನಿಸುತ್ತದೆ. ಒಂದು ಲೈಟು ಇಳಿಸಿ ಇನ್ನೊಂದು ಏರಿಸುವುದು ನನ್ನ ಕೈಲಾಗುವ ಕೆಲಸ. ಬೋರ್ಡಿನೊಳಗೆ ಫೇಸು ನ್ಯೂಟ್ರಲ್ ಅದಲುಬದಲಾಗಿದ್ದರೆ ಅದನ್ನು ಬಿಡಿಸುವುದು ದಿನವೂ ಅದನ್ನೇ ಮಾಡುವವರ ಕೆಲಸ. ಅಪ್ಪ ತಮಗೆ ಪರಿಚಯದ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರು.

ಬೋರ್ಡಿನೊಳಗೆ

ಅವರು ಭಾನುವಾರ ಬೆಳಿಗ್ಗೆ ಬಂದರು. ಬೋರ್ಡ್ ಬಿಚ್ಚಿ ಟಾರ್ಚ್ ಹಿಡಿದು, “ನೋಡಿ ಅಕ್ಕಾ, ಕೆಂಪು ಸೀದಾ ಮೇಲಕ್ಕೆ ಹೋಗಿದೆ. ಕಪ್ಪು ಬಂದು ಸ್ವಿಚ್ಚಿಗೆ ಕೂತಿದೆ” ಅಂತ ತೋರಿಸಿದರು.

“ಮೊದಲಿಂದ್ಲೂ ಹೀಗೇ ಇತ್ತಾ ಅಣ್ಣ?”

“ಇಲ್ಲ. ಪಕ್ಕದ ಸ್ವಿಚ್ಚೆಲ್ಲ ಸರಿ ಇದೆ. ಯಾವಾಗ್ಲೋ ಈ ಒಂದು ಸ್ವಿಚ್ ಬದ್ಲಾಯಿಸಿದಾಗ ಕೈತಪ್ಪಿರ್ಬೇಕು. ಲೈಟು ಉರೀತು ಅಂತ ಮುಚ್ಚಿಟ್ಟು ಹೋಗವ್ರೆ.”

ಕರೆಂಟ್ ಪೂರ್ತಿ ತೆಗೆದು ಅವರು ಮಾಡಿದ್ದು ಇಷ್ಟು. ಮೇಲಕ್ಕೆ ಹೋಗುವ ಕೆಂಪು ವೈರನ್ನು ಫೇಸ್ ಜೋಡಣೆಯಿಂದ ಬಿಡಿಸಿ ಸ್ವಿಚ್ಚಿನ ಒಂದು ಕಡೆಗೆ ಕೂರಿಸಿದರು. ಸ್ವಿಚ್ಚಿನ ಇನ್ನೊಂದು ಕಡೆಗೆ ಫೇಸ್ ತಂದರು. ಕಪ್ಪು ವೈರನ್ನು ಸ್ವಿಚ್ಚಿನಿಂದ ತೆಗೆದು ನ್ಯೂಟ್ರಲ್ ಗುಂಪಿಗೆ ಸೇರಿಸಿದರು. ಇಪ್ಪತ್ತು ನಿಮಿಷವೂ ಆಗಲಿಲ್ಲ. ಕರೆಂಟ್ ಕೊಟ್ಟು, ಸ್ವಿಚ್ ಆಫ್ ಮಾಡಿ ಹೋಲ್ಡರ್‌ಗೆ ಟೆಸ್ಟರ್ ಇಟ್ಟರೆ ಎರಡೂ ಪಿನ್ ಸಪ್ಪಗಿದ್ದವು. ಅಂದು ರಾತ್ರಿ ಬಲ್ಬು ಮೊದಲ ಸಲ ಪೂರ್ತಿ ಆರಿತು.

ಹೋಗುವ ಮುಂಚೆ ಅವರು ಹೇಳಿದ ಇನ್ನೊಂದು ಮಾತು ನನಗೆ ಅಷ್ಟಾಗಿ ಗೊತ್ತಿರಲಿಲ್ಲ. ನ್ಯೂಟ್ರಲ್ ಅಂದರೆ ಶಾಕ್ ಹೊಡೆಯಲ್ಲ ಅಂತ ತಿಳಿಯಬೇಡಿ, ಅಂದರು. ಹಳೆಯ ಮನೆಗಳಲ್ಲಿ ಹಲವು ಪಾಯಿಂಟುಗಳ ನ್ಯೂಟ್ರಲ್ ಒಂದೇ ಕಡೆ ಹೆಣೆದಿರುತ್ತದೆ. ಬೇರೆ ರೂಮಿನ ಫ್ಯಾನು ತಿರುಗುತ್ತಿರುವಾಗ ಆ ಹೆಣಿಗೆ ಬಿಚ್ಚಿದಿರಿ ಅನ್ನಿ. ಫ್ಯಾನಿನ ಮೂಲಕ ಹಾದು ಬಂದ ಕರೆಂಟಿಗೆ ವಾಪಸು ಹೋಗುವ ದಾರಿ ಇಲ್ಲದೆ, ನಿಮ್ಮ ಕೈಯಲ್ಲಿರುವ ಕಪ್ಪು ವೈರಿನಲ್ಲೇ ಬಂದು ನಿಲ್ಲುತ್ತದೆ. ಅದಕ್ಕೇ ಒಂದು ಎಂಸಿಬಿ (ಒಂದು ಲೈನಿನ ಬ್ರೇಕರ್) ಮಾತ್ರ ಇಳಿಸಿ ಕೆಲಸ ಮಾಡುವುದಕ್ಕಿಂತ ಇಡೀ ಮನೆಯದನ್ನು ತೆಗೆದು ಮಾಡುವುದೇ ವಾಸಿ.

ಲೈಟು ಆರಿಸಿದ್ದು

ಮಧ್ಯದ ವಾರದಲ್ಲಿ ಲೈಟು ಕೊಂಡೆ. 18 ವ್ಯಾಟಿನ, ಸೀಲಿಂಗಿಗೆ ಅಂಟಿಕೊಂಡು ಕೂರುವ ದುಂಡನೆಯ ಎಲ್‌ಇಡಿ. ಬಣ್ಣದ ವಿಷಯದಲ್ಲಿ ಅಮ್ಮನದೇ ಕೊನೆಯ ಮಾತು. ಅಂಗಡಿಯಲ್ಲಿ 6500 ಕೆಲ್ವಿನ್‌ನದು ಹಚ್ಚಿ ತೋರಿಸಿದಾಗ ಆಸ್ಪತ್ರೆ ಥರ ಇದೆ ಅಂದಳು. 3000ದ್ದು ನೋಡಿ, ಹಳದಿ ಬೆಳಕಲ್ಲಿ ಅಕ್ಕಿಯೊಳಗಿನ ಕಲ್ಲು ಕಾಣಲ್ಲ ಅಂದಳು. 4000ಕ್ಕೆ ಇಬ್ಬರೂ ಒಪ್ಪಿದೆವು. ಪೆಟ್ಟಿಗೆಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ಅಂತ ನೋಡಿದೆ.

ಇನ್ನೊಂದು ಗುರುತನ್ನು ಬೇಕಂತಲೇ ಹುಡುಕಿದೆ. ಒಂದು ಚೌಕದೊಳಗೆ ಇನ್ನೊಂದು ಚೌಕ. ಅಂದರೆ ಎರಡು ಪದರದ ಇನ್ಸುಲೇಷನ್ ಇದೆ, ಅರ್ಥ್ ವೈರ್ ಬೇಡ. ನಮ್ಮ ಮನೆಯಲ್ಲಿ ಲೈಟು ಪಾಯಿಂಟುಗಳಿಗೆ ಎರಡೇ ವೈರ್ ಎಳೆದಿದ್ದಾರೆ, ಹಸಿರು ವೈರ್ ಇಲ್ಲ. ಅಂಥ ಕಡೆ ಅರ್ಥ್ ಸ್ಕ್ರೂ ಇರುವ ಲೋಹದ ಮೈಯ ಲೈಟು ತಂದು, ಆ ಸ್ಕ್ರೂವನ್ನು ಖಾಲಿ ಬಿಟ್ಟು ಕೂರಿಸುವುದು ಅಪಾಯ. ಒಳಗೆ ಫೇಸ್ ವೈರ್ ಬಿಟ್ಟುಕೊಂಡು ಮೈಗೆ ತಗುಲಿದರೆ, ಧೂಳು ಒರೆಸಲು ಹೋದ ಕೈಗೇ ಅದು ಗೊತ್ತಾಗುವುದು. ಹಿತ್ತಾಳೆಯ ಕಲಾಯಿ ಹಾಕಿದ ಚಂದದ ಲೈಟೊಂದು ಅಂಗಡಿಯಲ್ಲಿ ಇತ್ತು. ಬಿಟ್ಟು ಬಂದೆ, ಪ್ಲಾಸ್ಟಿಕ್ ಮೈಯದೇ ತಂದೆ.

ಎರಡನೆಯ ಭಾನುವಾರ

ಹತ್ತು ಗಂಟೆಗೆ ಶುರು, ಕಿಟಕಿಯಿಂದ ಬೆಳಕು ಚೆನ್ನಾಗಿ ಬರುವ ಹೊತ್ತು. ಫ್ರಿಜ್ಜಿನ ಹಾಲು, ಮೊಬೈಲ್ ಚಾರ್ಜ್, ಟ್ಯಾಂಕಿಗೆ ನೀರು ಎಲ್ಲ ಮೊದಲೇ ನೋಡಿಕೊಂಡಿದ್ದೆವು. ಟೆಸ್ಟರನ್ನೂ ಮಲ್ಟಿಮೀಟರನ್ನೂ ಹಾಲಿನ ಸಾಕೆಟ್ಟಿಗೆ ಇಟ್ಟೆ. ಟೆಸ್ಟರ್ ಉರಿಯಿತು, ಮೀಟರ್ 228 ವೋಲ್ಟ್ ತೋರಿಸಿತು. ಮೇನ್ ಇಳಿಸಿ, ಯುಪಿಎಸ್ ಆಫ್ ಮಾಡಿ, ಪ್ಲಗ್ ಕಿತ್ತು, ಡಿಬಿ ಬಾಗಿಲಿಗೆ “ಕೆಲಸ ನಡೀತಿದೆ, ಮುಟ್ಟಬೇಡಿ” ಅಂತ ದೊಡ್ಡದಾಗಿ ಬರೆದು ಟೇಪ್ ಹಚ್ಚಿದೆ. ಆ ಕಾಗದ ತುಂಬಾ ಮುಖ್ಯ. ಅಪ್ಪ ವಾಕಿಂಗ್ ಮುಗಿಸಿ ಬಂದು ಫ್ಯಾನ್ ಹಾಕಿದರೆ ತಿರುಗುವುದಿಲ್ಲ, ಆಗ ಅವರ ಕಾಲು ತಾನಾಗಿ ಡಿಬಿಯ ಕಡೆ ಹೋಗುತ್ತದೆ. ಮೂವತ್ತು ವರ್ಷದ ಅಭ್ಯಾಸ. ಅವತ್ತೂ ಹೋಗಿದ್ದರು, ಕಾಗದ ನೋಡಿ ನಿಂತೆ ಅಂತ ಆಮೇಲೆ ಹೇಳಿದರು.

ಏಣಿ ಹತ್ತಿ ಹೋಲ್ಡರ್‌ನ ಎರಡು ಪಿನ್ನಿಗೂ ಟೆಸ್ಟರ್ ಇಟ್ಟೆ, ಸ್ವಿಚ್ ಆನ್ ಇಟ್ಟುಕೊಂಡೇ. ಉರಿಯಲಿಲ್ಲ. ಆದರೆ ಟೆಸ್ಟರ್ ಉರಿಯದಿರಲು ಟೆಸ್ಟರೇ ಕೆಟ್ಟಿರುವುದೂ ಕಾರಣವಾಗಬಹುದು, ಒಣ ಮರದ ಏಣಿಯ ಮೇಲೆ ನಿಂತಿರುವುದೂ ಆಗಬಹುದು. ನಮ್ಮ ಮೈ ಮೂಲಕ ನೆಲಕ್ಕೆ ಒಂಚೂರು ಕರೆಂಟ್ ಹರಿದರೆ ತಾನೇ ಅದರ ನಿಯಾನ್ ಹೊತ್ತುವುದು. ಅದಕ್ಕೇ ಮಲ್ಟಿಮೀಟರನ್ನು ಎರಡು ಪಿನ್ನುಗಳ ನಡುವೆ ಇಟ್ಟೆ. ಸೊನ್ನೆ. ಇಳಿದು ಪಕ್ಕದ ಮನೆಯ ವರಾಂಡದ ಸಾಕೆಟ್ಟಿಗೆ ಎರಡನ್ನೂ ಮತ್ತೊಮ್ಮೆ ಇಟ್ಟು ನೋಡಿದೆ, ಎರಡೂ ಸರಿಯಾಗಿ ಕೆಲಸ ಮಾಡಿದವು. ವಾಪಸು ಬರುವಾಗ ನಮ್ಮ ಡಿಬಿಯ ಕಾಗದ ಅಲ್ಲೇ ಇದೆಯೇ ಅಂತ ನೋಡಿಕೊಂಡೆ. ಇಷ್ಟಾದ ಮೇಲೆ ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡೆ.

ಹೋಲ್ಡರ್‌ನ ಎರಡು ಸ್ಕ್ರೂ ತುಕ್ಕು ಹಿಡಿದಿದ್ದರೂ ಬಂದವು. ಕೆಳಗೆ ಎಳೆದಾಗ ಮೊದಲು ಕಂಡಿದ್ದು ಕೆಂಪು ವೈರಿನ ತುದಿ. ಅದು ಕೆಂಪಾಗಿ ಉಳಿದಿರಲಿಲ್ಲ, ಇಟ್ಟಿಗೆ ಸುಟ್ಟ ಕಂದು ಬಣ್ಣಕ್ಕೆ ತಿರುಗಿತ್ತು. ಒಂಚೂರು ಬಗ್ಗಿಸಿದೆ. ಮೇಲಿನ ಪಿವಿಸಿ ಹಪ್ಪಳ ಮುರಿದಂತೆ ಚಟಕ್ಕನೆ ಬಿರಿದು ಕೈಮೇಲೆ ಉದುರಿತು, ಒಳಗೆ ಕಪ್ಪಿಟ್ಟ ತಾಮ್ರ. ಹದಿನೈದು ವರ್ಷ 100 ವ್ಯಾಟಿನ ಬಲ್ಬು ಕೆಳಗಿಂದ ಬಿಸಿ ಕೊಟ್ಟಿದ್ದರ ಗುರುತು ಅದು. ಬಿಸಿ ಮೇಲಕ್ಕೇರಿ ಹೋಲ್ಡರ್ ಹಿಂದೆ ನಿಂತು, ವೈರಿನ ಮೇಲ್ಪದರದ ಮೆದುವನ್ನೆಲ್ಲ ಹೀರಿಬಿಟ್ಟಿತ್ತು. ಇಂಥ ತುದಿಯನ್ನು ಹಾಗೇ ಹೊಸ ಲೈಟಿಗೆ ಕಟ್ಟಿ ಒಳಗೆ ತುರುಕಿದರೆ ಬರಿ ತಾಮ್ರ ಎಲ್ಲಿ ಎಲ್ಲಿಗೆ ತಗುಲುತ್ತದೋ ಹೇಳಲಾಗದು.

ಕಾಲಿಂಚು ಕಾಲಿಂಚಾಗಿ ಕತ್ತರಿಸುತ್ತಾ ಹೋದೆ. ಪ್ರತಿ ಸಲ ತುದಿಯನ್ನು ಬಗ್ಗಿಸಿ ನೋಡುವುದು, ಬಿರಿದರೆ ಇನ್ನೊಂದಿಷ್ಟು ಕತ್ತರಿಸುವುದು. ಒಂದೂವರೆ ಇಂಚು ಹೋದ ಮೇಲೆ ಪಿವಿಸಿ ಬಳುಕಿತು, ತಾಮ್ರ ಹೊಳೆಯಿತು. ಕಪ್ಪು ವೈರಿಗೆ ಒಂದಿಂಚಿನಲ್ಲಿ ಮುಗಿಯಿತು. ಈಗ ಪೈಪಿನಿಂದ ಹೊರಗೆ ಉಳಿದಿದ್ದು ಮೂರಿಂಚಿಗೂ ಕಮ್ಮಿ. ಇನ್ನಷ್ಟು ಬರಲಿ ಅಂತ ಎಳೆಯುವ ಆಸೆ ಆಗುತ್ತದೆ, ಎಳೆಯಬಾರದು. ಮೂವತ್ತು ವರ್ಷದ ವೈರ್ ಪೈಪಿನ ಬಾಗಿನಲ್ಲಿ ಎಲ್ಲಿ ಸಿಕ್ಕಿಕೊಂಡಿದೆಯೋ, ಎಳೆದರೆ ಕಾಣದ ಜಾಗದಲ್ಲಿ ಅದರ ಮೈ ತರಚುತ್ತದೆ. ಪಿಂಗಾಣಿ ಕನೆಕ್ಟರ್ ಹಾಕಿ, ಅಲ್ಲಿಂದ ಲೈಟಿನ ವೈರ್ ಶುರು ಮಾಡಿದೆ.

ಜೋಡಣೆಯ ಬಗ್ಗೆ ನನಗೆ ಹಟ ಇದೆ. ಎರಡು ವೈರ್ ತಿರುಚಿ ಟೇಪ್ ಸುತ್ತುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಬಿಸಿಲಿಗೆ, ತಾರಸಿಯ ಕಾವಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಂಡಿದ್ದನ್ನು ಎಷ್ಟೋ ಕಡೆ ನೋಡಿದ್ದೇನೆ. ಹತ್ತು ಮಿಲಿಮೀಟರಿನಷ್ಟು ಮಾತ್ರ ಪಿವಿಸಿ ಬಿಡಿಸಿ, ಮೂರೆಳೆಯನ್ನು ಕಟಿಂಗ್ ಪ್ಲೇಯರ್‌ನಿಂದ ಒಂದಾಗಿ ತಿರುಚಿ, ಕನೆಕ್ಟರ್‌ಗೆ ತೂರಿಸಿ ಸ್ಕ್ರೂ ಬಿಗಿ ಮಾಡಿದೆ. ಲೈಟಿನ ವೈರ್ ತೆಳ್ಳಗಿನ ಎಳೆಗಳದ್ದು, ಸ್ಕ್ರೂ ಕೆಳಗಿಂದ ಜಾರಿಬಿಡುತ್ತದೆ. ಅದರ ತುದಿಯನ್ನು ಮಡಚಿ ಎರಡು ಪದರ ಮಾಡಿ ಕೂರಿಸಿದೆ. ಆಮೇಲೆ ಒಂದೊಂದನ್ನೂ ಹಿಡಿದು ಎಳೆದು ನೋಡಿದೆ. ಲೈಟಿನ ಒಂದು ವೈರ್ ಕೈಗೆ ಬಂತು. ಸ್ಕ್ರೂ ತಾಮ್ರವನ್ನು ಬಿಟ್ಟು ಪಿವಿಸಿಯನ್ನು ಕಚ್ಚಿ ಹಿಡಿದಿತ್ತು. ಬಿಚ್ಚಿ ಮತ್ತೆ ಕೂರಿಸಿದೆ. ಎಳೆದು ನೋಡದೆ ಬಿಟ್ಟಿದ್ದರೆ ಅಲ್ಲಿ ಕಿಡಿ ಹಾರುತ್ತಾ, ಬಿಸಿಯಾಗುತ್ತಾ ಇರುತ್ತಿತ್ತು.

ತೂತು ಕೊರೆಯುವುದು ಕರೆಂಟ್ ತೆಗೆದಾಗ ಹೇಗೆ ಅನ್ನುವ ಪ್ರಶ್ನೆಯನ್ನು ಮೊದಲೇ ಯೋಚಿಸಿ, ಸ್ನೇಹಿತರೊಬ್ಬರಿಂದ ಬ್ಯಾಟರಿ ಹ್ಯಾಮರ್ ಡ್ರಿಲ್ ತಂದಿದ್ದೆ. ವೈರ್ ಜೋಡಿಸುವ ಮುಂಚೆಯೇ ಕೊರೆದೆ, ಇಲ್ಲದಿದ್ದರೆ ಧೂಳೆಲ್ಲ ಕನೆಕ್ಟರ್‌ಗೆ. ಮರದ ಬ್ಲಾಕ್ ತೆಗೆದಾಗ ಪೈಪು ಯಾವ ಕಡೆಯಿಂದ ಬಂದಿದೆ ಅಂತ ಕಾಣಿಸಿತು, ಸ್ವಿಚ್ ಬೋರ್ಡಿನ ಗೋಡೆಯ ಕಡೆಯಿಂದ. ಆ ಗೆರೆ ತಪ್ಪಿಸಿ ಎರಡು ತೂತು, 6 ಮಿಲಿಮೀಟರ್ ಬಿಟ್, ಮೂವತ್ತು ಮಿಲಿಮೀಟರ್ ಆಳಕ್ಕೆ ಬಿಟ್ಟಿಗೆ ಟೇಪ್ ಗುರುತು. ಐಸ್‌ಕ್ರೀಮ್ ಕಪ್ಪಿನ ತಳಕ್ಕೆ ತೂತು ಮಾಡಿ ಬಿಟ್ಟಿಗೆ ಸಿಕ್ಕಿಸಿದ್ದರಿಂದ ಧೂಳೆಲ್ಲ ಅದರೊಳಗೆ ಬಿತ್ತು. ಕನ್ನಡಕ ಹಾಕಿಕೊಂಡೇ ಕೊರೆಯಿರಿ, ತಲೆ ಎತ್ತಿ ಕೊರೆಯುವಾಗ ಉದುರುವುದೆಲ್ಲ ಕಣ್ಣಿಗೇ. ರಾವಲ್ ಪ್ಲಗ್, ಸ್ಕ್ರೂ, ಲೈಟಿನ ಹಿಂಬದಿಯ ಪಟ್ಟಿ, ಆಮೇಲೆ ಜೋಡಣೆ, ಕೊನೆಗೆ ಲೈಟನ್ನು ತಿರುಗಿಸಿ ಕೂರಿಸಿದ್ದು. ಇದರಲ್ಲಿ ಹೇಳುವಂಥದ್ದೇನೂ ಇಲ್ಲ.

ಸ್ವಿಚ್ ಆಫ್ ಮಾಡಿ, ಏಣಿ ತೆಗೆದಿಟ್ಟು, ಮೊದಲು ಮೇನ್ ಏರಿಸಿದೆ. ಏನೂ ಟ್ರಿಪ್ ಆಗಲಿಲ್ಲ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದೆ, ಟಪ್ ಅಂತ ಬಿತ್ತು, ಮತ್ತೆ ಏರಿಸಿದೆ. ಆಮೇಲೆ ಯುಪಿಎಸ್. ಅಮ್ಮನೇ ಸ್ವಿಚ್ ಹಾಕಲಿ ಅಂದೆ. ಅಡಿಗೆ ಕಟ್ಟೆಯ ಮೂಲೆಯಲ್ಲಿ ಯಾವತ್ತೂ ಇರುತ್ತಿದ್ದ ನೆರಳು ಹೋಗಿತ್ತು. ಸಂಜೆ ಕತ್ತಲಾದ ಮೇಲೆ ಆಫ್ ಮಾಡಿ ಹತ್ತು ನಿಮಿಷ ಕೂತು ನೋಡಿದೆವು. ಮಿಣುಕಲಿಲ್ಲ.

ಖರ್ಚು ಲೈಟಿಗೆ 480 ರೂಪಾಯಿ, ಕನೆಕ್ಟರ್ ಸ್ಕ್ರೂ ಪ್ಲಗ್ ಎಲ್ಲ ಸೇರಿ 60, ಎಲೆಕ್ಟ್ರಿಷಿಯನ್‌ಗೆ 300. ಅಡುಗೆಮನೆ ವೈರಿನ ತುದಿ ಹೀಗೆ ಸುಟ್ಟಿದ್ದರೆ ಹಾಲಿನ ಎರಡು ಪಾಯಿಂಟುಗಳ ತುದಿಯೂ ಹೀಗೇ ಇರಬಹುದು ಅನ್ನುವುದು ಈಗ ತಲೆಯಲ್ಲಿದೆ, ಅಲ್ಲೂ ಆಗ 100 ವ್ಯಾಟೇ ಉರಿಯುತ್ತಿದ್ದುದು. ದಸರಾ ರಜೆಗೆ ಬಂದಾಗ ಅವನ್ನು ಬಿಚ್ಚಿ ನೋಡಬೇಕು.

ಹೊರಡುವ ಮುಂಚೆ ಡಿಬಿಗೆ ಹಚ್ಚಿದ್ದ ಕಾಗದ ಕಿತ್ತು, ಬಾಗಿಲಿನ ಒಳಮೈಗೆ ಅಳಿಸದ ಮಾರ್ಕರ್‌ನಿಂದ ಬರೆದೆ: “ಅಡುಗೆಮನೆ, ಹಾಲ್, ರೂಮಿನ ಲೈಟು ಫ್ಯಾನು ಯುಪಿಎಸ್ ಲೈನು. ಮೇನ್ ಇಳಿಸಿದರೂ ಇವಕ್ಕೆ ಕರೆಂಟ್ ಇರುತ್ತೆ. ಯುಪಿಎಸ್ ಬಟನ್ ಆಫ್ ಮಾಡಿ, ಪ್ಲಗ್ ಕಿತ್ತು, ಟೆಸ್ಟರ್ ಇಟ್ಟು ನೋಡಿದ ಮೇಲೆ ಮುಟ್ಟಿ.” ಅಪ್ಪ ಓದಿ, ಅದರ ಕೆಳಗೆ ತಮ್ಮ ಕೈಬರಹದಲ್ಲಿ ತಾರೀಖು ಹಾಕಿದರು.